ನೀಲಿ ಮೇಲಂಗಿಯವಳ ಮೂರನೆಯ ಪರೀಕ್ಷೆ

ಮಕ್ಕಳೇ, ಕಾಲೇಜಿನೊಳಗೆ ನಾನು ಮೊದಲ ಸಲ ಕಾಲಿಟ್ಟಾಗ ನನ್ನ ಎರಡೂ ಕೈಗಳಲ್ಲಿ ಬಕೆಟ್ ಇದ್ದವು. ಒಂದು ಕೆಂಪು, ಇನ್ನೊಂದು ನೀಲಿ. ಕೆಂಪು ಬಕೆಟ್ಟಿನ ಬಟ್ಟೆ ಶೌಚಾಲಯಕ್ಕೆ, ನೀಲಿಯದು ಮೇಜು ಕುರ್ಚಿಗೆ. ಇದರದು ಅದಕ್ಕೆ ತಾಗುವಂತಿಲ್ಲ. ನಮ್ಮ ಅತ್ತೆಯ ಮಡಿಯೇ ಎಷ್ಟೋ ಸಡಿಲ ಅನ್ನಿಸಿತ್ತು.

ಊರು ಫ್ರಾಂಕ್‌ಫರ್ಟ್. ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕಂಪ್ಯೂಟರ್ ಬಲ್ಲವರನ್ನು ಕರೆಸಿಕೊಳ್ಳುತ್ತಿದ್ದ ವರ್ಷಗಳು ಅವು. ನಿಮ್ಮ ಅಜ್ಜ ಒಂದು ಬ್ಯಾಂಕಿನ ಹಳೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಬಂದರು, ಹಿಂದೆಯೇ ನಾನು ಮತ್ತು ನಿಮ್ಮ ಅವ್ವ. ನನಗೆ ಕೆಲಸ ಮಾಡಲು ಅನುಮತಿ ಸಿಕ್ಕ ಮೇಲೆ, ಟ್ರಾಮ್ ಸ್ಟಾಪಿನ ಅಂಗಡಿಯ ಗಾಜಿಗೆ ಅಂಟಿಸಿದ್ದ ಒಂದು ಜಾಹೀರಾತು ಕಂಡಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸ್ವಚ್ಛ ಮಾಡುವ ಕೆಲಸ, ಬೆಳಗಿನ ಪಾಳಿ. ಅಲ್ಲಿನ ಶಾಲೆಯಲ್ಲಿ ಆಗಲೇ ಜರ್ಮನ್ ಕಲಿತಿದ್ದ ನಿಮ್ಮ ಅವ್ವನಿಂದ ಫೋನು ಮಾಡಿಸಿದೆ.

ನಿಮ್ಮ ಅಜ್ಜನಿಗೆ ಸರಿ ಬರಲಿಲ್ಲ. "ನಾ ಬ್ಯಾಂಕಿನ್ಯಾಗ ಕೂತೀನಿ, ನೀ ಕಸಾ ಹೊಡಿಯಾಕ ಹೋಗ್ತೀಯೇನು? ಊರಾಗ ಕೇಳಿದ್ರ ಏನಂದಾರು?"

"ಊರಾಗ ಯಾರು ಹೇಳ್ತಾರ? ನೀವು ಹೇಳಿದ್ರಷ್ಟ," ಅಂದೆ.

"ಮಾಡಬೇಕಂದ್ರ ಮನಿ ಬಾಜೂಕ ಬೇಕರಿ ಐತಿ. ಅಲ್ಲಿ ಕೇಳು."

"ಬೇಕರಿ ಕಾಲೇಜಲ್ಲರಿ," ಅಂದುಬಿಟ್ಟೆ.

ಅವರು ಮತ್ತೆ ಬೇಕರಿಯ ಮಾತು ತೆಗೆಯಲಿಲ್ಲ. ಅವರಿಗೆ ಗೊತ್ತಿತ್ತು. ನಾನು ಊರ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳು. ಕಾಲೇಜು ತಾಲ್ಲೂಕಿನಲ್ಲಿತ್ತು, ಬಸ್ಸಿನಲ್ಲಿ ಹೋಗಬೇಕು. ಹುಡುಗಿ ಒಬ್ಬಳೇ ಬೇಡ ಎಂದರು ಮನೆಯಲ್ಲಿ. ಆ ಬಸ್ಸು ನಮ್ಮ ಓಣಿಯ ಬಾಯಿಯಲ್ಲೇ ನಿಂತು ಹೋಗುತ್ತಿತ್ತು. ಮದುವೆಯಾಗಿ ಊರು ಬಿಡುವ ತನಕ ದಿನವೂ ಅದರ ಹಾರ್ನ್ ಕೇಳಿಸಿಕೊಂಡಿದ್ದೇನೆ.

ನಮ್ಮ ತಂಡಕ್ಕೆ ಮೂರನೆಯ ಮಹಡಿಯ ದೊಡ್ಡ ಹಾಲ್‌ಗಳು ಸೇರಿದ್ದವು. ಮೊದಲು ಕಾಗದ, ಲೋಟ ಆರಿಸಿ ಚೀಲಕ್ಕೆ ಹಾಕುವುದು. ಆಮೇಲೆ ಸಾಲು ಸಾಲು ಮೇಜು ಒರೆಸುವುದು. ಬಟ್ಟೆಯನ್ನು ಎರಡು ಸಲ ಮಡಿಸಿ ಹಿಡಿಯಬೇಕು, ಒಂದು ಮೈ ಕೊಳೆಯಾದರೆ ಇನ್ನೊಂದು ಮೈ ತಿರುಗಿಸಬೇಕು. ಕೊನೆಗೆ ಬೋರ್ಡು. ಅಲ್ಲಿನ ಬೋರ್ಡುಗಳು ಮೇಲೆ ಕೆಳಗೆ ಜಾರುತ್ತವೆ. ಒದ್ದೆ ಸ್ಪಂಜಿನಿಂದ ಒರೆಸಿ, ರಬ್ಬರಿನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಬಿಳಿ ಗೆರೆ ಉಳಿಯುತ್ತದೆ. ನಾನು ಒರೆಸುವ ಮೊದಲು ಅಲ್ಲಿ ಬರೆದದ್ದನ್ನು ಒಂದು ಸಲ ಓದುತ್ತಿದ್ದೆ. ಅರ್ಥವಾಗುತ್ತಿರಲಿಲ್ಲ. ಓದದೆ ಅಳಿಸಲು ಮನಸ್ಸು ಬರುತ್ತಿರಲಿಲ್ಲ.

ತಂಡದ ಮೇಲ್ವಿಚಾರಕಿ ತುರ್ಕಿ ದೇಶದವಳು, ನನಗಿಂತ ಹಿರಿಯಳು, ಜೋರು ಬಾಯಿ. ನನ್ನ ಹೆಸರು ಅವಳ ನಾಲಿಗೆಗೆ ಹೊರಳಲಿಲ್ಲ, "ಇಂಡಿಯಾ" ಎಂದೇ ಕರೆಯುತ್ತಿದ್ದಳು. ಇನ್ನೊಬ್ಬಳು ಆಫ್ರಿಕಾದ ಕ್ಯಾಮರೂನಿನ ಹುಡುಗಿ. ಅವಳು ಅದೇ ಕಾಲೇಜಿನ ವಿದ್ಯಾರ್ಥಿನಿ. ಬೆಳಿಗ್ಗೆ ನಮ್ಮ ಜೊತೆ ಮೇಜು ಒರೆಸಿ, ಆಮೇಲೆ ಅದೇ ಮೇಜಿನ ಮುಂದೆ ಪುಸ್ತಕ ತೆರೆದು ಕೂರುವವಳು. ನನ್ನನ್ನು "ಮಮಾ" ಎನ್ನುತ್ತಿದ್ದಳು. ಅವರ ಕಡೆ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ.

ಕೆಲಸಕ್ಕೆ ಹಾಕಿಕೊಳ್ಳುವ ನೀಲಿ ಮೇಲಂಗಿ ನನಗೆ ಕೊಟ್ಟಾಗ ಅದರ ತೋಳು ನನ್ನ ಬೆರಳು ದಾಟುತ್ತಿತ್ತು. "ಇದು ಯಾರದು?" ಎಂದು ಕೇಳಿದೆ.

"ಪೆರು ದೇಶದ ಒಬ್ಬ ಹುಡುಗನದು," ಅಂದಳು ಕ್ಯಾಮರೂನಿನವಳು. "ನನ್ನ ಕ್ಲಾಸಿನವನು. ಮೂರನೆಯ ಸಲವೂ ಹೋಯಿತು, ಊರಿಗೆ ಹೋದ."

ಆ ದೇಶದ ಪದ್ಧತಿ ನನಗೆ ತಿಳಿದದ್ದು ಆಗಲೇ. ಅವರ ಕಾಲೇಜಿನಲ್ಲಿ ಒಂದು ಪರೀಕ್ಷೆಗೆ ಮೂರು ಸಲ ಕೂರಬಹುದಿತ್ತು. ಮೂರನೆಯದೂ ಹೋದರೆ ಹೆಸರು ತೆಗೆಯುತ್ತಾರೆ. ಆ ಓದನ್ನು ಬೇರೆ ಊರಿನ ಕಾಲೇಜಿನಲ್ಲೂ ಮುಂದುವರಿಸುವಂತಿಲ್ಲ. ಓದಲೆಂದು ಕೊಟ್ಟ ವೀಸಾ ಆದ್ದರಿಂದ ಹೊರದೇಶದವರು ದೇಶವನ್ನೂ ಬಿಡಬೇಕು. ಕ್ಯಾಮರೂನಿನವಳು ಮೆಕ್ಯಾನಿಕ್ಸಿನಲ್ಲಿ ಎರಡು ಸಲ ಸೋತಿದ್ದಳು. ಮೂರನೆಯದು ಎದುರಿಗಿತ್ತು.

ದಡ್ಡಿಯೇನಲ್ಲ ಅವಳು. ಬೇಗ ಕೆಲಸ ಮುಗಿದ ದಿನ ನಾನು ಒರೆಸಿದ ಬೋರ್ಡಿನ ಮೇಲೆಯೇ ಲೆಕ್ಕ ಬಿಡಿಸುತ್ತಿದ್ದಳು. ತೊಲೆಯ ಮೇಲೆ ಭಾರ ಬಿದ್ದರೆ ಎಲ್ಲಿ ಬಾಗುತ್ತದೆ ಎಂದು ಗೆರೆ ಎಳೆದು ನನಗೆ ತೋರಿಸುತ್ತಿದ್ದಳು. ಆದರೆ ಅಲ್ಲಿನ ಹುಡುಗರು ಗುಂಪು ಮಾಡಿಕೊಂಡು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ಅವಳು ಹೋಗಿ ಕೇಳಿದರೆ ಗುಂಪು ತುಂಬಿದೆ ಎನ್ನುತ್ತಿದ್ದರು. ಸಲಹೆ ಕೊಡುವ ಕೋಣೆಯಲ್ಲಿ ಒಬ್ಬರು, ನಿನಗೆ ಮುದುಕರನ್ನು ನೋಡಿಕೊಳ್ಳುವ ತರಬೇತಿ ಒಳ್ಳೆಯದಲ್ಲವೇ, ನಿಮ್ಮ ಜನರಿಗೆ ಆ ಗುಣ ಹುಟ್ಟಿನಿಂದಲೇ ಇರುತ್ತದೆ ಅಂದರಂತೆ. ಅದನ್ನು ಅವಳು ಮೂಗು ಹಿಡಿದು ಅಣಕಿಸಿ ತೋರಿಸುತ್ತಿದ್ದಳು. ಮೇಲ್ವಿಚಾರಕಿ ಬಿದ್ದು ಬಿದ್ದು ನಕ್ಕು, "ನನ್ನ ಅತ್ತೆಯನ್ನು ಕಳಿಸಲೇ, ಆ ಗುಣ ಎಷ್ಟು ದಿನ ಉಳಿಯುತ್ತೆ ನೋಡೋಣ," ಅನ್ನುತ್ತಿದ್ದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಬರಬೇಕಾಗಿರಲಿಲ್ಲ. ಆದರೆ ಕೆಳಗಿನ ಶೌಚಾಲಯದ ಪೈಪು ಒಡೆದು ನೀರು ಕಾರಿಡಾರಿಗೆ ಹರಿದಿತ್ತು. ಕೆಳಗಿನ ತಂಡದವಳೊಬ್ಬಳು ರಜೆಯಲ್ಲಿದ್ದಳು. ಮೇಲ್ವಿಚಾರಕಿ ಕ್ಯಾಮರೂನಿನವಳಿಗೆ ಫೋನು ಮಾಡಿದಳು. ಬರುವುದಿಲ್ಲ ಅಂದರೆ ಮುಂದಿನ ತಿಂಗಳು ಪಾಳಿ ಸಿಗುತ್ತದೋ ಇಲ್ಲವೋ ಎಂದು ಹೆದರಿ ಬಂದಳು. ಮೂವರೂ ನೀರು ಎಳೆದು ಎಳೆದು ಹಾಕಿದೆವು. "ಸಾಕು, ನೀನು ಹೋಗು," ಎಂದು ನಾನು ಅವಳ ಕೈಯಿಂದ ಕೋಲು ಕಿತ್ತುಕೊಂಡೆ. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಓಡಿದಳು. ಮೈಮೇಲೆ ನೀಲಿ ಮೇಲಂಗಿ ಹಾಗೆಯೇ ಇತ್ತು.

ಅದನ್ನು ಕಂಡು ನಾನೂ ಹಿಂದೆ ಹತ್ತಿದೆ. ಮೂರನೆಯ ಮಹಡಿಯ ಮೆಟ್ಟಿಲ ತುದಿಗೆ ಬರುವಷ್ಟರಲ್ಲಿ ಅವಳು ಪರೀಕ್ಷೆಯ ಹಾಲ್ ಬಾಗಿಲಲ್ಲಿದ್ದಳು. ಒಳಗಿನಿಂದ ಒಬ್ಬ ಯುವಕ ಬಾಗಿಲು ಹಾಕಲು ಬಂದ. ಅವನು ಪ್ರೊಫೆಸರರ ಸಹಾಯಕ. ಅವಳು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, "ಪುಟ್ಸೆನ್ ಆಮೇಲೆ. ಈಗ ಪರೀಕ್ಷೆ," ಅಂದ. ಪುಟ್ಸೆನ್ ಅಂದರೆ ಒರೆಸಿ ತೊಳೆಯುವುದು. ಬಾಗಿಲು ಮುಚ್ಚಿತು. ಅದಾದ ಮೇಲೆಯೇ ಪಕ್ಕದ ಚರ್ಚಿನಲ್ಲಿ ಒಂಬತ್ತು ಹೊಡೆಯಲು ಶುರುವಾಯಿತು. ಪರೀಕ್ಷೆ ಒಂಬತ್ತಕ್ಕೆ.

ಅವಳು ಗಾಬರಿಯಲ್ಲಿ ಮೇಲಂಗಿ ಬಿಚ್ಚಿ ನೆಲಕ್ಕೆ ಎಸೆದಳು. ಗುರುತಿನ ಕಾರ್ಡು ಹುಡುಕಿ ತೆಗೆದು ಬಾಗಿಲು ತಟ್ಟಿದಳು. ಅವನು ತೆರೆದು ಕಾರ್ಡು ನೋಡಿದ, ಗಡಿಯಾರ ನೋಡಿದ. "ಶುರುವಾಗಿದೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ." ಮತ್ತೆ ಮುಚ್ಚಿತು.

ಕಾರಣವಿಲ್ಲದೆ ಪರೀಕ್ಷೆಗೆ ಬಾರದವರು ಸೋತಂತೆಯೇ ಲೆಕ್ಕ. ಅವಳು ಪರೀಕ್ಷಾ ಕಚೇರಿಗೆ ಹೋಗಿ ನಡೆದದ್ದನ್ನು ಹೇಳಿದಳು. ಸಹಾಯಕ, ಇವಳು ಒಂಬತ್ತರ ನಂತರ ಬಂದಳು ಅಂದನಂತೆ. ಸಾಕ್ಷಿ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಅವಳು ನನ್ನನ್ನು ತೋರಿಸಿದಳು.

ನನಗೆ ನಾಲ್ಕು ಜನರೆದುರು ಮಾತಾಡುವುದೆಂದರೆ ಮೊದಲಿನಿಂದಲೂ ಹೆದರಿಕೆ. ಅದರಲ್ಲೂ ಜರ್ಮನ್. ನಿಮ್ಮ ಅವ್ವ ರಾತ್ರಿ ಊಟದ ಹೊತ್ತಿನಲ್ಲಿ ನನಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದಳು. ಯಾ, ನಾನು ಅವಳನ್ನು ಬಾಗಿಲಲ್ಲಿ ನೋಡಿದೆ. ಯಾ ಅಂದರೆ ಹೌದು. "ಅಷ್ಟ ಅನ್ನು ಅವ್ವಾ, ಮುಂದ ಅವರ ಕೇಳ್ತಾರ," ಅಂದಳು.

ಕಚೇರಿಯ ಹೆಂಗಸು ಒಳ್ಳೆಯವರೇ. ಕೂರಿಸಿದರು, ನೀರು ಕೊಟ್ಟರು. ಆದರೆ ಪ್ರಶ್ನೆ ತಿರುಗಿಸಿ ಕೇಳಿದರು. "ಹಾಗಾದರೆ ನೀವು ಆ ವಿದ್ಯಾರ್ಥಿನಿಯನ್ನು ಒಂಬತ್ತಕ್ಕೆ ಮುಂಚೆ ಬಾಗಿಲಲ್ಲಿ ನೋಡಿಲ್ಲ?"

ನನ್ನ ಬಾಯಿಪಾಠದ ವಾಕ್ಯ ಹೊಂದಲಿಲ್ಲ. ಗಡಿಬಿಡಿಯಾಗಿ, "ನೈನ್, ನೈನ್!" ಅಂದೆ. ಇಂಗ್ಲಿಷಿನ ಒಂಬತ್ತಲ್ಲ, ಜರ್ಮನ್‌ನಲ್ಲಿ ನೈನ್ ಅಂದರೆ ಇಲ್ಲ.

ಅವರು ತಲೆಯಾಡಿಸಿ ಬರೆದುಕೊಂಡರು. ಬಹಳ ಧನ್ಯವಾದ, ಇಷ್ಟು ಸಾಕು ಎಂದರು. ನಾನು ಗೆದ್ದವಳ ಹಾಗೆ ಮೆಟ್ಟಿಲು ಇಳಿದು ಬಂದೆ. ಮನೆಗೆ ಬಂದು ಗೋಧಿ ಹುಗ್ಗಿ ಮಾಡಿದೆ.

ಕೆಲವು ದಿನ ಕಳೆದು ಕ್ಯಾಮರೂನಿನವಳು ಬಕೆಟ್ ಇಡುವ ಕೋಣೆಗೆ ಬಂದಳು. ಅಳುತ್ತಿರಲಿಲ್ಲ. ಅತ್ತು ಮುಗಿದ ಮುಖ. "ಮಮಾ, ಯಾಕೆ ಹಾಗೆ ಹೇಳಿದಿರಿ? ನೋಡಿಲ್ಲ ಅಂದಿರಂತೆ. ನನ್ನ ಹೆಸರು ತೆಗೆಯುತ್ತಾರೆ."

"ನೋಡಿದೆ ಅಂದೆನಲ್ಲ!"

"ನೈನ್ ಅಂದಿರಂತೆ."

"ಹೌದು, ನೈನ್ ಅಂದೆ. ನೋಡಿಲ್ಲವೇ ಅಂದರು, ಇಲ್ಲ ಇಲ್ಲ ಅಂದೆ."

ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ಹಣೆ ಚಚ್ಚಿಕೊಂಡಳು. "ಅಯ್ಯೋ ಇಂಡಿಯಾ, ಇಂಡಿಯಾ! ಇವರಿಗೆ ನೈನ್ ಅಲ್ಲ, ಡೊಖ್ ಅನ್ನಬೇಕು, ಡೊಖ್! ನಾನೂ ವೀಸಾ ಕಚೇರಿಯಲ್ಲಿ ಹೀಗೇ ಸಿಕ್ಕಿಹಾಕಿಕೊಂಡಿದ್ದೆ."

ಮಕ್ಕಳೇ, ಇದನ್ನು ಸರಿಯಾಗಿ ಕೇಳಿ. ನಮ್ಮಲ್ಲಿ "ನೀ ಉಂಡಿಲ್ಲ, ಹೌದಿಲ್ಲೋ?" ಎಂದು ಕೇಳಿದರೆ, ಉಂಡವರು "ಇಲ್ಲರಿ, ಉಂಡೀನಿ" ಅನ್ನುತ್ತೇವೆ. ಆ ಇಲ್ಲ ಹೋಗಿ ತಾಗುವುದು ಕೇಳಿದವರ ಮಾತಿಗೆ. ನೀವು ಅಂದದ್ದು ಸರಿಯಲ್ಲ ಎಂದು. ಜರ್ಮನರಲ್ಲಿ ನೈನ್ ಅಂದರೆ ಉಂಡಿಲ್ಲ ಎಂದೇ. ಉಂಡಿದ್ದರೆ ಅದಕ್ಕೆಂದೇ ಬೇರೆ ಒಂದು ಮಾತು ಇಟ್ಟುಕೊಂಡಿದ್ದಾರೆ, ಡೊಖ್. ನೀವು ಇಲ್ಲ ಅಂದಿರಿ, ಆದರೆ ಹೌದು ಎಂದು ಅದರ ಅರ್ಥ. ನಾನು ಅದನ್ನು ಟ್ರಾಮಿನಲ್ಲಿ, ಅಂಗಡಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಕೆಮ್ಮಿದ ಹಾಗೆ ಕೇಳುತ್ತಿತ್ತು, ಅದೂ ಒಂದು ಮಾತು ಎಂದುಕೊಂಡಿರಲಿಲ್ಲ.

ಮರುದಿನವೇ ಕಚೇರಿಗೆ ಹೋಗಿ ಆ ಹೆಂಗಸಿಗೆ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. ಹೇಳಿಕೆ ಒಂದು ಸಲ ಆಗಿಹೋಗಿದೆ, ಈಗ ಗೆಳತಿಗಾಗಿ ಬದಲಾಯಿಸಿದರೆ ಯಾರು ನಂಬುತ್ತಾರೆ ಎಂದರು. ಇನ್ನು ಪ್ರೊಫೆಸರರ ಸಮಿತಿಯೇ ನೋಡಬೇಕು, ಗುರುವಾರ ಸೇರುತ್ತದೆ, ಬೇಕಿದ್ದರೆ ಅಲ್ಲಿ ಬಂದು ಹೇಳಿ ಎಂದರು.

ಮೇಲ್ವಿಚಾರಕಿ ಆಗ ನಗಲಿಲ್ಲ. "ಕಾಲೇಜಿನ ಜಗಳದಲ್ಲಿ ನಾವು ಬಾಯಿ ಹಾಕುವುದು ನಮ್ಮ ಕಂಪನಿಗೆ ಬೇಡ. ಗೊತ್ತಾದರೆ ನಿನ್ನನ್ನು ಇಲ್ಲಿಂದ ಎತ್ತಿ ಬೇರೆ ಕಡೆ ಹಾಕುತ್ತಾರೆ. ನಾನು ತಡೆಯಲಾರೆ."

ಮನೆಯಲ್ಲಿ ನಿಮ್ಮ ಅಜ್ಜನಿಗೆ ಹೇಳಿದೆ. ಅವರ ಬ್ಯಾಂಕಿನಲ್ಲೂ ಆಗ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. "ನಿಂಗ ಆ ಕಾಲೇಜು ಬಿಟ್ಟಿರಾಕ ಆಗ್ತದೇನು?" ಅಂದರು.

"ಆಕಿನ್ನ ಬಸ್ಸಿನಿಂದ ಇಳಿಸ್ಯಾರ್ರೀ," ಅಂದೆ. "ನಾ ಓಣಿ ಬಾಯಾಗ ನಿಂತು ನೋಡ್ಲೇನು?"

ಅವರು ಎದ್ದು ಹೋಗಿ ಚಹಾ ಇಟ್ಟರು. ಬಂದು ಚಹಾದ ಲೋಟ ನನ್ನ ಕೈಗೆ ಕೊಟ್ಟು, "ಡೊಖ್ ಅನ್ನು ನೋಡೂಣು," ಅಂದರು. ಅಂದೆ. "ಗಂಟಲದಾಗಿಂದ ಅನ್ನು. ಹಿಂಗಂದ್ರ ಅವ್ರು, ಗಂಟಲಾ ಒಣಗಿ ಚಹಾ ಕೇಳ್ಯಾಳ ಅಂತಾರ." ನಿಮ್ಮ ಅವ್ವ ತನ್ನ ಕೋಣೆಯಿಂದ ಜರ್ಮನ್‌ನಲ್ಲೇ ಏನೋ ಕೂಗಿ ನಕ್ಕಳು.

ಗುರುವಾರ ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಅದನ್ನೂ ನಾನೇ ಒರೆಸುತ್ತಿದ್ದೆ, ಆದರೆ ಅದರ ಮುಂದೆ ಕೂತಿರಲಿಲ್ಲ. ನಡುವೆ ಹಿರಿಯ ಪ್ರೊಫೆಸರರು, ಅವರ ಬಲಕ್ಕೆ ಕಚೇರಿಯ ಹೆಂಗಸು, ಎಡಕ್ಕೆ ಆ ಸಹಾಯಕ. ಕ್ಯಾಮರೂನಿನವಳು ಗೋಡೆಯ ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದಳು. ನಮಸ್ಕಾರ ಹೇಳಬೇಕೆಂದರೆ ಸ್ವರವೇ ಬರಲಿಲ್ಲ.

ಹಿರಿಯರು ಸ್ವಲ್ಪ ಕಾದು, ಕಚೇರಿಯ ಹೆಂಗಸಿನ ಕಡೆ ಬಾಗಿ ಮೆಲ್ಲಗೆ, "ಇವರಿಗೆ ಜರ್ಮನ್ ಅರ್ಥವಾಗುವುದಿಲ್ಲ, ಅಲ್ಲವೇ?" ಅಂದರು.

"ಡೊಖ್!" ಅಂದೆ.

ಆ ಕೋಣೆಗೆ ಅದು ತುಸು ಜೋರಾಯಿತು. ಆಮೇಲೆ ಹಿರಿಯರ ಮೀಸೆಯ ಕೆಳಗೆ ನಗು ಬಂತು. "ಕ್ಷಮಿಸಿ," ಅಂದರು ನನಗೇ. ನನ್ನ ನೈನ್ ಹೇಗಾಯಿತು ಎಂದು ನನಗೆ ಬಂದಷ್ಟು ಜರ್ಮನ್‌ನಲ್ಲಿ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿ, ಹಿಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಈ ಸಲ ಡೊಖ್ ಅಂದು, ಕಂಡದ್ದೆಲ್ಲ ಹೇಳಿದೆ. ಓಡಿದ್ದು, ಬಾಗಿಲು, ಮುಚ್ಚಿದ ಮೇಲೆ ಹೊಡೆದ ಚರ್ಚಿನ ಗಂಟೆ. "ಇವರು, ಪುಟ್ಸೆನ್ ಆಮೇಲೆ, ಈಗ ಪರೀಕ್ಷೆ, ಅಂದರು."

ಹಿರಿಯರು ಸಹಾಯಕನ ಕಡೆ ತಿರುಗಿದರು.

"ಹಾಗೆ ಅಂದದ್ದು ನಿಜ," ಅಂದ ಅವನು. ಸುಳ್ಳು ಹೇಳುವ ಹುಡುಗನಲ್ಲ. "ಆದರೆ ಅದು ಬೇರೆ. ಒಂಬತ್ತಕ್ಕೆ ಮುಂಚೆ ಸ್ವಚ್ಛ ಮಾಡುವವಳು ಒಬ್ಬಳು ಬಂದಳು. ಕಪ್ಪು ಹೆಂಗಸು, ನೀಲಿ ಅಂಗಿ. ಅವಳನ್ನು ಕಳಿಸಿದೆ. ಆಮೇಲೆ ಈ ವಿದ್ಯಾರ್ಥಿನಿ ತಡವಾಗಿ..."

ಅಲ್ಲಿಗೆ ನಿಂತ. ಗೋಡೆಯ ಕಡೆ ನೋಡಿದ. ಕ್ಯಾಮರೂನಿನವಳೂ ಅವನನ್ನೇ ನೋಡುತ್ತಿದ್ದಳು. ಅವನ ನೆನಪಿನಲ್ಲಿ ಆವತ್ತು ಬಾಗಿಲಿಗೆ ಇಬ್ಬರು ಬಂದಿದ್ದರು. ಅವನ ಕುತ್ತಿಗೆಯಿಂದ ಕೆಂಪು ಏರುತ್ತ ಕಿವಿಯ ತನಕ ಹೋಯಿತು.

"ಒಬ್ಬಳೇ," ಅಂದ ಕೊನೆಗೆ, ಬಹಳ ಸಣ್ಣ ಸ್ವರದಲ್ಲಿ.

ಅವಳ ಮೂರನೆಯ ಸಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೇಸಿಗೆಯ ಕೊನೆಯಲ್ಲಿ ಮತ್ತೆ ಬರೆಯಬಹುದು ಎಂದರು.

ಮೇಲ್ವಿಚಾರಕಿ ಹೇಳಿದ್ದೂ ನಿಜವಾಯಿತು. ಮುಂದಿನ ವಾರದಿಂದ ನನ್ನನ್ನು ಬ್ಯಾಂಕುಗಳಿರುವ ಬೀದಿಯ ಒಂದು ಎತ್ತರದ ಕಟ್ಟಡಕ್ಕೆ ಹಾಕಿದರು. ಅಲ್ಲಿ ಎಲ್ಲ ಗಾಜು. ಬೋರ್ಡು ಇರಲಿಲ್ಲ, ಒರೆಸುವ ಮೊದಲು ಓದಲು ಏನೂ ಇರಲಿಲ್ಲ. ಟ್ರಾಮು ಕಾಲೇಜಿನ ಮುಂದೆಯೇ ಹೋಗುತ್ತಿತ್ತು. ಮೂರನೆಯ ಮಹಡಿಯ ದೀಪ ಹತ್ತಿರುವುದನ್ನು ನೋಡಿ, ಈಗ ಯಾವ ಹಾಲ್‌ನಲ್ಲಿದ್ದಾರೆ, ಎಷ್ಟನೆಯ ಸಾಲು ಒರೆಸುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಅವರ ಜೊತೆ ಕೆಲಸ ಮಾಡಿಕೊಂಡು ಹೋಗುತ್ತಿದ್ದೆ.

ಚಳಿ ಶುರುವಾದ ಮೇಲೆ ಒಂದು ಸಂಜೆ ಅವಳು ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಮೆಕ್ಯಾನಿಕ್ಸ್ ಪಾಸಾಗಿತ್ತು, ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ. "ಪಾಸಾದದ್ದು ಪಾಸಾದದ್ದೇ ಮಮಾ," ಅಂದಳು. ಆ ಹೊತ್ತಿಗೆ ನಿಮ್ಮ ಅಜ್ಜನ ಕೆಲಸವೂ ಮುಗಿದು, ನಾವು ಊರಿಗೆ ಹೊರಡುವುದು ನಿಶ್ಚಯವಾಗಿತ್ತು. ಅವಳಿಗೆ ಇನ್ನೂ ಬೇಕಾದಷ್ಟು ಪರೀಕ್ಷೆಗಳು ಬಾಕಿ ಇದ್ದವು. ಅವನ್ನೆಲ್ಲ ಮುಗಿಸಿ ಎಂಜಿನಿಯರ್ ಆದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಊರಿಗೆ ಬಂದ ಮೊದಲ ವರ್ಷ ಒಂದು ಸಲ ಅವಳ ಫೋನು ಬಂತು, ಆಮೇಲೆ ನಾವು ಮನೆ ಬದಲಿಸಿದೆವು.

ಆ ಸಂಜೆ ಅವಳು, "ಮಮಾ, ಹೋಗುವ ಮೊದಲು ನಿಮಗೆ ನಾನು ಏನು ಕೊಡಲಿ?" ಎಂದು ಕೇಳಿದಳು. ನಾಚಿಕೆಯಿಂದ ಏನೂ ಬೇಡ ಅಂದೆ. ಅವಳು ಬಿಡಲಿಲ್ಲ. ಕೊನೆಗೆ ಹೇಳಿದೆ. ನಿನ್ನ ಜೊತೆ ಒಂದು ಕ್ಲಾಸಿನಲ್ಲಿ ಕೂರಬೇಕು.

ಹೊರಡುವ ಹಿಂದಿನ ವಾರ, ಮಂಗಳವಾರ, ಅವಳ ಜೊತೆ ಹೋದೆ. ಒಳ್ಳೆಯ ಸೀರೆ ಉಟ್ಟು ಮೇಲೆ ಕೋಟು ಹಾಕಿಕೊಂಡಿದ್ದೆ. ಯಾರಾದರೂ ಎಬ್ಬಿಸಿದರೆ ಎಂದು ಹೆದರಿಕೆ. "ಯಾರೂ ಕೇಳುವುದಿಲ್ಲ," ಅಂದಳು. ಹಾಲ್ ತುಂಬಿ ತುಳುಕುತ್ತಿತ್ತು. ಜಾಗ ಸಿಗದವರು ಮೆಟ್ಟಿಲ ಮೇಲೆ ಕೂತಿದ್ದರು. ಅವಳು ನಡುವಿನ ಸಾಲಿನಲ್ಲಿ ಹೋಗಿ ಕೂತಳು. ಅವಳ ಎಡಕ್ಕೊಂದು, ಬಲಕ್ಕೊಂದು ಕುರ್ಚಿ ಖಾಲಿ ಇದ್ದವು.

"ನನಗೆಂದು ಹಿಡಿದಿಟ್ಟೆಯಾ?" ಎಂದು ಕೇಳಿದೆ.

"ಹಿಡಿಯಬೇಕಾಗಿಲ್ಲ," ಅಂದಳು. "ಇದು ಯಾವಾಗಲೂ ಹೀಗೇ ಇರುತ್ತದೆ."

ಮೆಟ್ಟಿಲ ಮೇಲೆ ಕೂತಿದ್ದ ಹುಡುಗರನ್ನು ನೋಡಿದೆ. ಮತ್ತೆ ಬಲಗಡೆಯ ಕುರ್ಚಿಯಲ್ಲಿ ಕೂತೆ. ಪ್ರೊಫೆಸರರು ಬೋರ್ಡಿನ ತುಂಬ ಬರೆದರು. ನನಗೆ ಅರ್ಥವಾದದ್ದು ಒಂದು ತೊಲೆಯ ಚಿತ್ರ ಮಾತ್ರ. ಆದರೂ ಕಣ್ಣು ತೆಗೆಯಲಿಲ್ಲ. ಅವಳು ಬರೆಯುವಾಗ ಅವಳ ಮೊಣಕೈ ನನ್ನ ಕೈಗೆ ತಾಗುತ್ತಿತ್ತು. ಮುಗಿದಾಗ ಎಲ್ಲರೂ ಬೆರಳ ಗೆಣ್ಣುಗಳಿಂದ ಮೇಜು ಕುಟ್ಟಿದರು. ಅಲ್ಲಿ ಚಪ್ಪಾಳೆಯ ಬದಲು ಹಾಗೆ ಮಾಡುತ್ತಾರೆ. "ನೀವೂ ಕುಟ್ಟಿ ಮಮಾ," ಅಂದಳು. ನಾನೂ ಕುಟ್ಟಿದೆ.

ಮುಂದಿನ ಮಂಗಳವಾರ ಅದೇ ಹೊತ್ತಿಗೆ ನಾವು ವಿಮಾನದಲ್ಲಿದ್ದೆವು. ನಿಮ್ಮ ಅಜ್ಜ, ಊಟ ಬಂತು, ಉಣ್ಣು, ಅಂದರು. ನಾನು ಗಡಿಯಾರ ನೋಡಿಕೊಂಡು, ಈಗ ಆ ಕುರ್ಚಿಯಲ್ಲಿ ಯಾರಾದರೂ ಬಂದು ಕೂತರೋ ಏನೋ ಎಂದು ಯೋಚಿಸುತ್ತಿದ್ದೆ.